ಅಮಲ್ದಾರರು ಎದ್ದ ದಿಬ್ಬ

ಜರ್ಮನಿಯ ಲಿಂಡನ್‌ರೋಡ್ ಎಂಬ ಹಳ್ಳಿಯ ಇಗರ್ಜಿಯ ಪಕ್ಕದ ದಿಬ್ಬದ ಮೇಲೆ ಒಂದು ಕಲ್ಲುಪೀಠವಿದೆ. ಕಳೆದ ಬೇಸಿಗೆಯಲ್ಲಿ ಪ್ರವಾಸಿಗರೊಬ್ಬರು ಅದರ ಮೇಲೆ ಕುಳಿತುಬಿಟ್ಟರು. ಗ್ರಾಮಸಭೆ ಅದೇ ಸಂಜೆ ತುರ್ತಾಗಿ ಸೇರಿ ವಿಷಾದ ಸೂಚಿಸಿತು. ಪೀಠವನ್ನು ಕಡೆದದ್ದು ಕುಳಿತುಕೊಳ್ಳಲೆಂದೇ. ಆದರೂ ಊರಿನವರು ಯಾರೂ ಅದರ ಮೇಲೆ ಕೂರುವುದಿಲ್ಲ. ಆ ಜಾಗವನ್ನು ಅವರು ‘ಅಮಲ್ದಾರರು ಎದ್ದ ದಿಬ್ಬ’ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಸೀಮೆಯನ್ನು ಆಳುತ್ತಿದ್ದವರು ಬಿಷಪ್ಪರು. ಪೂಜೆಯೂ ಅವರದೇ, ಕಂದಾಯವೂ ಅವರದೇ. ಅವರ ಅಮಲ್ದಾರರು ವರ್ಷಕ್ಕೊಮ್ಮೆ ಬಂದು ಈ ಪೀಠದ ಮೇಲೆ ಕುಳಿತು ನ್ಯಾಯ ಹೇಳುತ್ತಿದ್ದರು. ಕುಳಿತು ಹೇಳಿದರೆ ಮಾತ್ರ ತೀರ್ಪು. ನಡುವೆ ಎದ್ದರೆ ವಿಚಾರಣೆ ಮೊದಲಿನಿಂದ; ಸೂರ್ಯ ಮುಳುಗಿದರೆ ಮರುವರ್ಷಕ್ಕೆ. ಒಕ್ಕಲಿನವನು ಸತ್ತರೆ ಅವನ ಕೊಟ್ಟಿಗೆಯ ಅತ್ಯುತ್ತಮ ದನ ಬಿಷಪ್ಪರಿಗೆ ಸೇರಬೇಕೆಂಬುದೂ ಕಾನೂನು. ಯೋಸ್ಟ್ ಎಂಬ ಒಕ್ಕಲಿನವನು ಸತ್ತಾಗ ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು. ಒಂದೇ ಇದ್ದಮೇಲೆ ಅತ್ಯುತ್ತಮವಾದದ್ದೂ ಅದೇ ಎಂದು ಅಮಲ್ದಾರ ಗಂಗೋಲ್ಫರು ತರ್ಕಿಸಿದರು. ಅದು ಹೋದರೆ ಯೋಸ್ಟನ ಹೆಂಡತಿ ವಾಲ್ಬುರ್ಗಳ ಮಕ್ಕಳು ಆ ಚಳಿಗಾಲ ದಾಟುವಂತಿರಲಿಲ್ಲ.

ಅಮಲ್ದಾರರು ಸಭೆ ಕರೆದ ದಿನವೇ ಯೋಸ್ಟ್ ಸತ್ತು ತಿಂಗಳು ತುಂಬಿದ್ದಕ್ಕೆ ನಡೆಯುವ ಪೂಜೆ. ಅಂದು, ಸತ್ತವನೊಡನೆ ಜಗಳವಾಡಿದವರು ಒಬ್ಬೊಬ್ಬರಾಗಿ ಇಗರ್ಜಿಯ ಗಂಟೆ ಬಾರಿಸಿ ಕ್ಷಮೆ ಕೇಳುವುದು ಆ ಊರಿನ ಪದ್ಧತಿ. ಗಂಟೆ ಕೇಳಿದವರೆಲ್ಲ ಎದ್ದು ಪ್ರಾರ್ಥಿಸಬೇಕೆಂಬುದು ಸ್ವತಃ ಬಿಷಪ್ಪರ ಆಜ್ಞೆ. ಯೋಸ್ಟನೋ, ಇಡೀ ಊರಿನೊಡನೆ ಜಗಳವಾಡಿ ಸತ್ತವನು.

ಅಮಲ್ದಾರರು ತೀರ್ಪಿಗೆ ಬಾಯಿ ತೆರೆದರು. ಗಂಟೆ ಹೊಡೆಯಿತು. ಎದ್ದರು, ಪ್ರಾರ್ಥಿಸಿದರು, ಕುಳಿತು ಮೊದಲಿನಿಂದ ಆರಂಭಿಸಿದರು. ಮತ್ತೆ ಗಂಟೆ. ಮಧ್ಯಾಹ್ನದ ಹೊತ್ತಿಗೆ ಇಗರ್ಜಿಯ ಬಾಗಿಲಿನಿಂದ ದಿಬ್ಬದವರೆಗೂ ಜನ ಸಾಲುಗಟ್ಟಿದ್ದರು.

“ಏನಮ್ಮಾ, ನಿನ್ನ ಗಂಡ ಊರಲ್ಲಿ ಒಬ್ಬರನ್ನೂ ಬಿಟ್ಟಿಲ್ಲವೇ?” ಎಂದರು ಅಮಲ್ದಾರರು.

“ನಿಮ್ಮನ್ನೂ ಬಿಟ್ಟಿರಲಿಲ್ಲ ಧಣಿ. ಹೋದ ವರ್ಷ ಇಲ್ಲೇ ನಿಂತು ಕತ್ತೆ ಅಂದಿದ್ದ. ನೀವೂ ಒಂದು ಸಲ ಬಾರಿಸಿಬಿಡಿ,” ಎಂದಳು ವಾಲ್ಬುರ್ಗ.

“ಬಾರಿಸಲಿ, ಆದರೆ ಸರದಿಯಲ್ಲಿ ಬರಲಿ!” ಎಂದ ಸಾಲಿನಲ್ಲಿದ್ದ ಕಮ್ಮಾರ.

ಇದು ಹಸುವಿಗಾಗಿ ಹೂಡಿದ ಆಟವೆಂದು ಅಮಲ್ದಾರರಿಗೆ ತಿಳಿಯದೆ ಇರಲಿಲ್ಲ. ಆದರೆ ಯೋಸ್ಟನ ಅಣ್ಣನ ಸರದಿ ಬಂದಾಗ, ಅವನು ಹಗ್ಗ ಹಿಡಿದವನು ಬಹಳ ಹೊತ್ತು ಎಳೆಯಲಾರದೆ ನಿಂತ. ತಮ್ಮನೊಡನೆ ಮಾತು ಬಿಟ್ಟು ಅವನಿಗೆ ವರ್ಷಗಳೇ ಆಗಿದ್ದವು. ಕೊನೆಗೆ ಗಂಟೆ ಹೊಡೆದಾಗ ಅಮಲ್ದಾರರು ಎದ್ದರು. ಪ್ರಾರ್ಥನೆ ಮುಗಿದರೂ ಕೂರಲಿಲ್ಲ. ಸೂರ್ಯ ಮುಳುಗುವವರೆಗೆ ಹಾಗೆಯೇ ನಿಂತಿದ್ದರು ಎನ್ನುತ್ತಾರೆ.

ಪೀಠದ ಮುಂದೆ ಎರಡು ಪಾದಗಳ ಅಚ್ಚಿನಂತೆ ಕಲ್ಲು ಸವೆದಿರುವುದನ್ನು ಈಗಲೂ ಕಾಣಬಹುದು. ಅದು ಒಂದೇ ದಿನದಲ್ಲಿ ಸವೆದದ್ದೆಂದು ಊರಿನ ನಂಬಿಕೆ. ಮರುವರ್ಷದ ಸಭೆಗೆ ಮೊದಲೇ ಬಿಷಪ್ಪರ ಸಂಸ್ಥಾನ ರದ್ದಾಯಿತು. ಹಸು ಕರು ಹಾಕಿತು.