ಪಟ್ಟಿಯ ಮೊದಲ ಗೆರೆ

ಯುದ್ಧದ ಮೂರನೆಯ ವರ್ಷ. ಸೈನ್ಯಕ್ಕೆ ಸೇರುವವರ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಒಂದು ಹೆಸರಾದರೂ ಇರಬೇಕೆಂದು ಪ್ರಿನ್ಸಿಪಾಲರು ಹಟ ಹಿಡಿದರು. ಅಧ್ಯಾಪಕರಾದ ನಮ್ಮೆಲ್ಲರ ಮುಂದೆ ಜವಾನ ಗುರುಸಿದ್ದಯ್ಯನನ್ನು ಕರೆಸಿದರು. ಅವನ ತಮ್ಮ ಬರ್ಮಾದಲ್ಲಿ ಸತ್ತು ಆರು ತಿಂಗಳಾಗಿತ್ತು. ಎರಡು ಸಂಸಾರಕ್ಕೂ ಈಗ ಇವನೊಬ್ಬನೇ ದಿಕ್ಕು.

"ನಾನಾಗಿಯೇ ಸೇರ್ತೀನಿ ಅಂತ ಸಹಿ ಹಾಕು. ಇಲ್ಲದಿದ್ದರೆ ನಾಳೆಯಿಂದ ಬರಬೇಡ."

"ಹಾಕ್ತೀನಿ ಸ್ವಾಮಿ. ಆದ್ರೆ ಹಾಜರಿ ಪುಸ್ತಕದಲ್ಲಿ ಮೊದಲ ಗೆರೆ ತಮ್ದು, ಆಮೇಲೆ ಮೇಷ್ಟ್ರುಗಳದ್ದು, ಕೊನೇದು ನಂದು. ಒಂದ್ಸಲ ತಮಗಿಂತ ಮುಂಚೆ ಹಾಕಿದ್ದಕ್ಕೇ ತಾವು ಗದರಿದ್ರಿ."

ಕಾಗದವನ್ನು ಅವರತ್ತ ತಿರುಗಿಸಿ, ಕೈಕಟ್ಟಿ ನಿಂತ. ಊರೂರು ಸುತ್ತಿದವಳು ನಾನು. ಕಿಟಕಿಯಾಚೆ ಅಷ್ಟು ಶ್ರದ್ಧೆಯಿಂದ ನೋಡಿದ ವಿದ್ವಾಂಸರನ್ನು ಬೇರೆಲ್ಲೂ ಕಂಡಿಲ್ಲ.

ಪ್ರಿನ್ಸಿಪಾಲರು ಪೆನ್ನು ಬಿಚ್ಚಿದರು, ಮುಚ್ಚಿದರು. "ಶಾಯಿ ಮುಗಿದಿದೆ."

"ತರ್ಲಾ ಸ್ವಾಮಿ?"

"ಬೇಡಪ್ಪ. ಹೋಗಿ ಗಂಟೆ ಹೊಡಿ."

ಹತ್ತು ನಿಮಿಷ ಮೊದಲೇ ಗಂಟೆಯಾಯಿತು. ಯಾರೂ ಗಡಿಯಾರ ನೋಡಲಿಲ್ಲ.