ಎಮ್ಮೆ ಮರ ನೆಕ್ಕಿದ ಬೆಲೆಗಾರ

ಕೋಲೂರು ಅಂತ ಒಂದು ರಾಜ್ಯ. ಯಾವ ಕಾಲದ್ದು ಅಂತ ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ, ಆಮೇಲೆ ಲೆಕ್ಕ ಹಾಕಿ ನನ್ನನ್ನು ಹಿಡಿದುಹಾಕುತ್ತೀರಿ. ಆ ರಾಜ್ಯದಲ್ಲಿ ಒಬ್ಬ ರಾಜ ಇದ್ದ, ಮರ ಮಾರುವ ಒಬ್ಬ ಹೆಂಗಸು ಇದ್ದಳು, ಒಬ್ಬ ಕಳ್ಳ ಇದ್ದ. ಕಳ್ಳ ನಾನೇ. ಕೊನೆಯವರೆಗೂ ನಿಮ್ಮನ್ನು ಯಾಕೆ ಕಾಯಿಸಲಿ, ಈಗಲೇ ಹೇಳಿಬಿಟ್ಟೆ. ಹತ್ತಿರ ಸರಿದು ಕೂತುಕೊಳ್ಳಿ.

ನನ್ನ ಹೆಸರು ಪುಟ್ಟೋಜ. ಆಗ ನನಗೆ ನಲವತ್ತೆಂಟು ವಯಸ್ಸು. ಈಗಲೂ ನಲವತ್ತೆಂಟೇ. ನೋಡಲು ಬಲು ಚೆಲುವನಾಗಿದ್ದೆ. ಇದನ್ನು ನೀವು ನಂಬದಿದ್ದರೂ ಕಥೆಗೇನೂ ತೊಂದರೆ ಇಲ್ಲ.

ರಾಜನ ಹೆಸರು ಬೊಪ್ಪರಾಜ. ಅವನಿಗೆ ಒಂದೇ ಹುಚ್ಚು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಮೇಜಿನ ಮೇಲೆ ಬಣ್ಣದ ಗುಂಡುಗಳು, ಕೈಯಲ್ಲೊಂದು ಉದ್ದನೆಯ ಕೋಲು. ಕೋಲಿನ ತುದಿಯಿಂದ ಗುಂಡಿಗೆ ತಿವಿಯಬೇಕು, ಗುಂಡು ಉರುಳಿ ಮೂಲೆಯ ತೂತಿಗೆ ಬೀಳಬೇಕು. ನೀವೀಗ ಪೂಲು ಅಂತೀರಲ್ಲ, ಅದೇ. ಬೆಳಗ್ಗೆ ಆಡುತ್ತಿದ್ದ, ಮಧ್ಯಾಹ್ನ ಆಡುತ್ತಿದ್ದ, ಸಂಜೆ ಆಡುತ್ತಿದ್ದ. ರಾಜ್ಯ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಪ್ರತಿ ಸಲ ಗುಂಡಿಗೆ ತಿವಿಯುವ ಮುಂಚೆ ರಾಜ ಕೋಲಿನ ಹಿಡಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಅದಕ್ಕೊಂದು ಮುತ್ತು ಕೊಡುತ್ತಿದ್ದ. ಈ ಮುತ್ತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಕೋಲಿನ ಹಿಡಿಗೆ ಎಂಥೆಂಥದೋ ಮರ ಆಗುತ್ತಿರಲಿಲ್ಲ. ಚಿತ್ತಾರದ ಮರವೇ ಬೇಕು. ಕೋಲೂರಿನಲ್ಲಿ ಮರಕ್ಕೆ ಮೂರು ದರ್ಜೆ. ನಾರು ನೆಟ್ಟಗಿದ್ದು, ಚಿತ್ತಾರ ಇಲ್ಲದಿದ್ದರೆ ಅದು ಕೋಳಿ ಮರ. ಕೊಟ್ಟವರಿಗೆ ಒಂದು ಕೋಳಿ. ಹುಲಿಪಟ್ಟೆ ಇದ್ದರೆ ಕುರಿ ಮರ. ನವಿಲುಗರಿಯ ಕಣ್ಣಿನ ಹಾಗೆ ಒಳಗೆಲ್ಲ ಕಣ್ಣುಕಣ್ಣು ಇದ್ದರೆ ಅದು ಎಮ್ಮೆ ಮರ. ಕೊಟ್ಟವರಿಗೆ ಒಂದು ಕರೆಯುವ ಎಮ್ಮೆ.

ಈಗ ಮರದ ಒಂದು ಗುಟ್ಟು. ಒಣಗಿದ ಮರ ಎಲ್ಲವೂ ಒಂದೇ ಥರ, ಮಂಕಾಗಿ ಬೂದಿ ಬಳಿದ ಹಾಗೆ ಇರುತ್ತದೆ. ಅದರ ಮೇಲೆ ಚೂರು ನೀರು ಸವರಿ ನೋಡಿ. ನಿದ್ದೆಯಲ್ಲಿದ್ದ ಕಣ್ಣೆಲ್ಲ ಒಟ್ಟಿಗೆ ತೆರೆಯುತ್ತವೆ. ಅದಕ್ಕೇ ರಾಜ ನನ್ನನ್ನು ಬೆಲೆಗಾರನಾಗಿ ಇಟ್ಟಿದ್ದ. ಕೈಗೊಂದು ತಾಮ್ರದ ಚೊಂಬು ಕೊಟ್ಟಿದ್ದ. ಮಾರುವವರ ಕಣ್ಣೆದುರೇ ನೀರು ಸವರಬೇಕು, ಬಿಸಿಲಿಗೆ ಹಿಡಿದು ನೋಡಬೇಕು, ಬೆಲೆ ಹೇಳಬೇಕು. ಅರಮನೆಗೂ ಅದೇ ಬೆಲೆ, ಮಾರುವವರಿಗೂ ಅದೇ ಬೆಲೆ. ಇದು ಕಟ್ಟಳೆ.

ನಾನು ಚೊಂಬನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ.

ಒಂದು ದಿನ ಹೊಂಬಾಳಮ್ಮ ಬಂದಳು. ಮರ ಕೊಯ್ಯುತ್ತಿದ್ದವನ ಹೆಂಡತಿ, ಗಂಡ ತೀರಿಹೋಗಿದ್ದ. ಅವನು ಹನ್ನೆರಡು ವರ್ಷ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಬೀಟೆಯ ಮೂರು ತುಂಡು ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ. ಮೂರೂ ಹೋದರೆ ಮುಂದೆ ಒಲೆ ಉರಿಯುವುದು ಹೇಗೆ ಎಂಬುದು ಅವಳಿಗೂ ತಿಳಿಯದು. ಮೊದಲನೆಯ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು.

"ಬುದ್ದಿ, ಇದು ಎಮ್ಮೆ ಮರ. ನನ್ನ ಯಜಮಾನ್ರು ಹೇಳಿ ಹೋಗವ್ರೆ. ಒಂದೆಮ್ಮೆ ಆದ್ರೆ ಹಾಲು ಮಾರ್ಕೊಂಡು ಬದುಕ್ಕೋತೀನಿ."

ನಾನು ಮರವನ್ನು ತಿರುಗಿಸಿ ನೋಡಿದೆ. ಮೂಸಿದೆ. ದೊಡ್ಡದಾಗಿ ನಿಟ್ಟುಸಿರು ಬಿಟ್ಟೆ. ನಿಟ್ಟುಸಿರು ಬಿಡೋದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ.

"ಏನಮ್ಮ ಹೊಂಬಾಳಮ್ಮ, ಇದು ಸೌದೆ ಕಣಮ್ಮ. ಕೋಳಿ ಮರವೂ ಅಲ್ಲ."

"ಚೂರು ನೀರು ಹಾಕಿ ನೋಡಿ ಬುದ್ದಿ."

"ನೀರು ತಾಗಿದರೆ ಮರ ಸೊಟ್ಟಗಾಗುತ್ತೆ. ಆಮೇಲೆ ಸೌದೆಗೂ ಬರಲ್ಲ. ನಿನ್ನ ಮುಖ ನೋಡಿ ಒಂದು ಸೇರು ರಾಗಿ ಕೊಡ್ತೀನಿ."

ಅವಳು ರಾಗಿ ತೆಗೆದುಕೊಂಡು ಹೋದಳು. ನಾನು ಬಾಗಿಲ ಹಿಂದೆ ಹೋದೆ. ನೀರು ಬೇಕಲ್ಲ. ಬಾವಿ ನಲವತ್ತು ಹೆಜ್ಜೆ ದೂರ, ನಾಲಿಗೆ ಬಾಯಲ್ಲೇ ಇತ್ತು. ಮರವನ್ನು ಅಡ್ಡಕ್ಕೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿದೆ. ನೂರು ಕಣ್ಣು ತೆರೆದವು. ಎಮ್ಮೆ ಮರವೇ. ರಾಜನಿಗೆ ಕೊಟ್ಟೆ, ಮಾರಿದವಳಿಗೆ ತಲುಪಿಸುತ್ತೇನೆ ಅಂತ ಅರಮನೆ ಕೊಟ್ಟಿಗೆಯಿಂದ ಎಮ್ಮೆ ಹೊಡೆದುಕೊಂಡು ನಮ್ಮ ಹಟ್ಟಿಯಲ್ಲಿ ಕಟ್ಟಿದೆ. ಕೋಲು ಕಡೆದು ತಯಾರಾದ ಮೇಲೆ ಹೊಳಪು ನೋಡಲು ಇನ್ನೊಂದು ಸಲ ನೆಕ್ಕಿದೆ. ಕೆಲಸದಲ್ಲಿ ನನಗೆ ಶ್ರದ್ಧೆ ಜಾಸ್ತಿ.

ತಿಂಗಳು ಕಳೆದ ಮೇಲೆ ಎರಡನೇ ತುಂಡು ತಂದಳು.

"ಬುದ್ದಿ, ಇದಾದ್ರೂ ಎಮ್ಮೆ ಮರವಾ?"

"ಇದು ಹೋದ ಸಲದ್ದಕ್ಕಿಂತ ಕಡೆ. ಎರಡು ತೆಂಗಿನಕಾಯಿ."

"ನಿಮ್ಮ ಹಟ್ಟೀಲಿ ಹೊಸ ಎಮ್ಮೆ ಕೂಗ್ತದೆ."

"ಅದು ಎಮ್ಮೆ ಅಲ್ಲ, ನಮ್ಮ ಮಾವನವರು. ಶೀತ ಆಗಿದೆ."

ಅವಳು ತೆಂಗಿನಕಾಯಿ ತೆಗೆದುಕೊಂಡು ಹೋದಳು. ನಾನು ಬಾಗಿಲ ಹಿಂದೆ ಹೋಗಿ ನಾಲಿಗೆ ಚಾಚಿದೆ. ಆದರೆ ಅವಳು ಚೀಲ ಮರೆತಿದ್ದಳು. ತಿರುಗಿ ಬಂದವಳು ಬಾಗಿಲ ಸಂದಿಯಿಂದ ನೋಡಿದಳು. ಅರಮನೆಯ ಬೆಲೆಗಾರ, ತಲೆಗೆ ರುಮಾಲು, ಹೆಗಲಿಗೆ ಶಾಲು, ಕರು ನೆಕ್ಕುವ ಹಸುವಿನ ಹಾಗೆ ಮರ ನೆಕ್ಕುತ್ತಿದ್ದಾನೆ. ಅವಳು ಚೀಲ ತೆಗೆದುಕೊಂಡು ಹೊರಟಳು. ದಾರಿಯಲ್ಲಿ ರಾಜನ ಆಟದ ಮನೆಯ ಕಿಟಕಿಯಿಂದ ಇಣುಕಿದಳು. ರಾಜ ತನ್ನ ಹೊಸ ಕೋಲನ್ನು ಕಣ್ಣಿಗೆ ಒತ್ತಿಕೊಂಡು ಮುತ್ತು ಕೊಡುತ್ತಿದ್ದ. ಆ ಕೋಲಿನ ಹಿಡಿಯಲ್ಲಿ ಬಾತುಕೋಳಿಯ ಹಾಗೆ ಕಾಣುವ ಒಂದು ಗಂಟು ಇತ್ತು. ಅವಳ ಗಂಡ ಕೊಯ್ದ ಮರ. ಅವಳಿಗೆ ಎಲ್ಲ ತಿಳಿಯಿತು.

ನಮ್ಮ ಹಟ್ಟಿಯಲ್ಲಿ ಈಗ ಇಬ್ಬರು ಮಾವನವರು ಕೂಗುತ್ತಿದ್ದರು.

ಮೂರನೇ ತುಂಡು ಕೊನೆಯ ತುಂಡು. ಹೊಂಬಾಳಮ್ಮ ನೆಲಬೇವನ್ನು ಕುದಿಸಿ ಕುದಿಸಿ ಗಟ್ಟಿ ಕಷಾಯ ಮಾಡಿದಳು. ಮರಕ್ಕೆ ಮೂರು ದಿನ ಮೂರು ಸಲ ಹಚ್ಚಿ ಒಣಗಿಸಿದಳು. ಕಪ್ಪು ಬೀಟೆ, ಏನೂ ಗೊತ್ತಾಗುವ ಹಾಗಿರಲಿಲ್ಲ. ತಂದು ನನ್ನ ಮುಂದಿಟ್ಟಳು.

"ನೀವು ಹೇಳಿದ್ದೇ ಬೆಲೆ ಬುದ್ದಿ. ಒಳಗೆ ಹೋಗಿ ನಿಧಾನವಾಗಿ ನೋಡ್ಕೊಂಡು ಬನ್ನಿ."

ಎಂಥಾ ಒಳ್ಳೆಯ ಹೆಂಗಸು ಅಂದುಕೊಂಡೆ. ನಾನು ಬಾಗಿಲ ಹಿಂದೆ ಹೋದೆ. ಅವಳು ನೆಟ್ಟಗೆ ಆಟದ ಮನೆಗೆ ಹೋಗಿ ಕೈಮುಗಿದು, "ಮಹಾಪ್ರಭು, ನನ್ನ ಮರ ಬೆಲೆಗಾರ್ರ ಕೈಲಿದೆ. ಈಗಲೇ ಕರೆಸಿ ಬೆಲೆ ಕೇಳಿ" ಅಂದಳು.

ಕರೆ ಬರುವ ಹೊತ್ತಿಗೆ ನಾನು ಈ ತುದಿಯಿಂದ ಆ ತುದಿ ಮುಟ್ಟಿದ್ದೆ. ಆ ಕಹಿಯನ್ನು ನಿಮಗೆ ಹೇಗೆ ಹೇಳಲಿ. ನಾಲಿಗೆ ಸುರುಳಿ ಸುತ್ತಿಕೊಂಡಿತು. ಕಣ್ಣಲ್ಲಿ ನೀರು. ಕಿವಿ ತಾನಾಗಿ ಅಲ್ಲಾಡಿತು. ಹಾಗೇ ರಾಜನ ಮುಂದೆ ನಿಂತೆ.

"ಮರ ಹೇಗಿದೆ ಪುಟ್ಟೋಜ?"

"ತೆನ್ನಾಗಿದೆ ಮಆಪ್ಪಬು."

"ಏನಂದೆ?"

"ಬಅಳ ತೆನ್ನಾಗಿದೆ."

"ಮತ್ತೆ ಯಾಕಯ್ಯ ಅಳ್ತಿದ್ದೀಯ?"

"ಮಅದ ಚೆಲುವು ನೋಡಿ, ಮಆಪ್ಪಬು."

ಹೊಂಬಾಳಮ್ಮ ಮೆಲ್ಲಗೆ ಅಂದಳು, "ಮಹಾಪ್ರಭು, ಮರ ಸಿಹಿಯಾಗಿತ್ತಾ ಅಂತ ಕೇಳಿ."

ರಾಜ ನಕ್ಕ. "ಮರದ ರುಚಿ ಬೆಲೆಗಾರನಿಗೆ ಹೇಗೆ ಗೊತ್ತಾಗುತ್ತಮ್ಮ?"

ಆಗ ನಾನು ಸುಮ್ಮನಿರಬೇಕಿತ್ತು. ಹುಟ್ಟಿದಾಗಿನಿಂದ ನಾನು ಸುಮ್ಮನಿದ್ದವನಲ್ಲ. ಅಷ್ಟರಲ್ಲಿ ಸುರುಳಿ ಸುತ್ತಿದ್ದ ನಾಲಿಗೆಯೂ ಬಿಚ್ಚಿಕೊಂಡಿತ್ತು. "ಎಂಥಾ ಸಿಹಿ," ಅಂದುಬಿಟ್ಟೆ, "ಅಪ್ಪಟ ನೆಲಬೇವು."

ರಾಜ ನನ್ನ ನಾಲಿಗೆ ನೋಡಿದ. ತನ್ನ ಕೈಯ ಕೋಲು ನೋಡಿದ. ಎರಡು ತಿಂಗಳಲ್ಲಿ ಕೊಟ್ಟ ಮುತ್ತುಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತಿದ್ದ ಅಂತ ಕಾಣುತ್ತೆ, ಮುಖ ಒಂದೊಂದಕ್ಕೂ ಬಣ್ಣ ಬದಲಾಯಿಸುತ್ತಿತ್ತು. ಕೋಲನ್ನು ಎರಡು ಬೆರಳಲ್ಲಿ ಹಿಡಿದು ಗೋಡೆಗೆ ಒರಗಿಸಿದ. ಬಾಯಿ ಮುಕ್ಕಳಿಸಲು ನೀರು ತರಿಸಿದ. ಮೂರು ಚೊಂಬು.

"ಎಂಜಲು," ಅಂದ ರಾಜ. "ನನಗೆ ನಿನ್ನ ಎಂಜಲು ತಿನ್ನಿಸಿದೆಯಲ್ಲೋ."

"ಕಡೆಯುವಾಗ ಎಂಜಲೆಲ್ಲ ಹೊಟ್ಟಾಗಿ ಉದುರಿಹೋಗುತ್ತೆ ಮಹಾಪ್ರಭು," ಅಂದೆ.

"ಕಡೆದಾದ ಮೇಲೆ ಮತ್ತೆ ನೆಕ್ಕಲಿಲ್ಲವಾ?"

ಅವತ್ತು ಮೊದಲ ಸಲ ನನ್ನ ನಾಲಿಗೆ ಸುಮ್ಮನಾಯಿತು.

ಹೊಂಬಾಳಮ್ಮ ಸೇರು ರಾಗಿಯಿಂದ ಹಿಡಿದು ಎಲ್ಲ ಹೇಳಿದಳು. ರಾಜ ಕೇಳಿದ, "ಊಟಕ್ಕೆ ಕೂತವನು ಎಂಜಲು ಮಾಡಿದ್ದು ಯಾರ ಎಲೆಗೆ ಸೇರುತ್ತಯ್ಯ?"

"ಅವನ ಎಲೆಗೇ, ಮಹಾಪ್ರಭು."

"ಹಾಗಾದರೆ ನೀನು ನೆಕ್ಕಿದ ಮರವೆಲ್ಲ ನಿನ್ನದು, ಅದರ ಬೆಲೆಯೂ ನಿನ್ನದು. ಎರಡು ಕೋಲಿಗೆ ಎರಡು ಎಮ್ಮೆ ಈಯಮ್ಮನಿಗೆ ಕೊಡು. ಮೂರನೆಯದಕ್ಕೂ ಒಂದು ಎಮ್ಮೆ."

"ಬೇಡ ಮಹಾಪ್ರಭು," ಅಂದಳು ಹೊಂಬಾಳಮ್ಮ. "ಮೂರನೇದನ್ನ ಸರಿಯಾಗಿ ನೋಡಾನ."

ಕಷಾಯ ತೊಳೆದು, ನೀರು ಸವರಿ ಬಿಸಿಲಿಗೆ ಹಿಡಿದಳು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ನೆಲದ ಮೇಲೆ ಉರುಳಿಸಿದಳು. "ಕಣ್ಣು ಚೆನ್ನಾಗವೆ. ನಾದ ಕೊಂಚ ಒಡಕು. ಇಲ್ನೋಡಿ, ತುದೀಲಿ ಕೂದಲೆಳೆಯಷ್ಟು ಬಿರುಕು. ಇದಕ್ಕೆ ಎಮ್ಮೆ ಜಾಸ್ತಿ ಆಯ್ತು. ಇನ್ನೂ ಈಯದ ಒಂದು ಕಡಸು ಸಾಕು."

ತನ್ನ ಮರಕ್ಕೆ ತಾನೇ ಬೆಲೆ ಇಳಿಸಿದವಳನ್ನು ಕೋಲೂರಿನಲ್ಲಿ ಯಾರೂ ಕಂಡಿರಲಿಲ್ಲ. ರಾಜ ಅಲ್ಲೇ ನನ್ನ ರುಮಾಲು ಬಿಚ್ಚಿಸಿ, ನಾನು ಕೂರುತ್ತಿದ್ದ ತಾಮ್ರದ ಚೊಂಬನ್ನು ತರಿಸಿ ಬೆಳಗಿಸಿ ಅವಳ ಕೈಗಿತ್ತ. ಅವಳು ಬೆಲೆಗಾರ್ತಿ ಆದಳು. ನಾನು ಅವಳ ಎರಡು ಎಮ್ಮೆ, ಒಂದು ಕಡಸು ಕಾಯುವವನಾದೆ.

ಇಷ್ಟೇ ನೀತಿ, ಕೇಳಿಸಿಕೊಳ್ಳಿ. ಕೊಳ್ಳುವಾಗ ಒಣಗಿದ್ದನ್ನು ನೋಡಿ ಬೆಲೆ ಕಟ್ಟುವುದು, ಮಾರುವಾಗ ಒದ್ದೆ ಮಾಡಿ ತೋರಿಸುವುದು, ಹಾಗೆ ಮಾಡಬೇಡಿ. ಯಾವ ಬಿಸಿಲಿನಲ್ಲಿ ಹಿಡಿದು ಮಾರುತ್ತೀರೋ, ಅದೇ ಬಿಸಿಲಿನಲ್ಲಿ ಹಿಡಿದು ಕೊಳ್ಳಿ. ಬಡವರ ಮರದ ಬೆಲೆ ಮುಚ್ಚಿಟ್ಟವನ ನಾಲಿಗೆ ಒಂದಲ್ಲ ಒಂದು ದಿನ ನೆಲಬೇವು ಕಾಣುತ್ತದೆ.

ನನಗೇನೂ ಕೊರತೆ ಇಲ್ಲ. ಎಮ್ಮೆ ಕಾಯೋಕೆ ನವಿಲುಗಣ್ಣಿನ ಕೋಲು ಹಿಡಿದವನು ಮೂರು ಲೋಕದಲ್ಲಿ ನಾನೊಬ್ಬನೇ. ಸಂಜೆ ಹೊತ್ತು ದೊಡ್ಡ ಎಮ್ಮೆ ಬಂದು ಆ ಕೋಲನ್ನು ಈ ತುದಿಯಿಂದ ಆ ತುದಿಯವರೆಗೆ ನೆಕ್ಕುತ್ತದೆ. ಕಣ್ಣೆಲ್ಲ ಒಟ್ಟಿಗೆ ತೆರೆಯುತ್ತವೆ. ಹಾಲು ಕರೆಯುತ್ತ ಕೂತ ಹೊಂಬಾಳಮ್ಮ ಕೇಳುತ್ತಾಳೆ, "ಪುಟ್ಟೋಜ, ಎಂಥಾ ಮರವೋ ಅದು?"

"ಎಮ್ಮೆ ಮರ ಕಣಮ್ಮ," ಅನ್ನುತ್ತೇನೆ.

ಮೊದಲನೇ ದಿನವೇ ಇಷ್ಟು ಹೇಳಿದ್ದರೆ ಈಗ ಸಗಣಿ ಎತ್ತೋದು ತಪ್ಪುತ್ತಿತ್ತು.