ಕೊಳದಲ್ಲೇ ಉಳಿದ ಬಿಂಬ

ಮಕ್ಕಳೇ, ಒಂದು ಕಾಡಿನಲ್ಲಿ ಗಾಳಿ ಬೀಸಿದರೂ ಅಲುಗದ ಒಂದು ಕೊಳವಿತ್ತು. ಮುಸ್ಸಂಜೆಯಲ್ಲಿ ಪ್ರಾಣಿಗಳು ಅದರ ದಡದಲ್ಲಿ ಸಾಲಾಗಿ ಕೂತು ನೀರನ್ನು ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವುಗಳ ಬಿಂಬಗಳು ದಡ ಬಿಟ್ಟು ಕೊಳದ ನಡುವಿಗೆ ಹೋಗಿ, ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿದ್ದವು. ಆಗ ದಡದ ಮೇಲೆ ಯಾರೂ ಕದಲುತ್ತಿರಲಿಲ್ಲ.

ಕೊಳ ಏಡಿಯಜ್ಜನದು. ಅವನು ಕಲ್ಲಿನಡಿಯ ಬಿಲದಲ್ಲಿರುತ್ತಿದ್ದ. ಆಡಬೇಕೆನ್ನುವವರು ಪ್ರತಿ ಹುಣ್ಣಿಮೆಗೆ ಆ ಬಿಲದ ಮುಂದೆ ಒಂದು ಅತ್ತಿಹಣ್ಣು ಇಡಬೇಕು. ಇಡದಿದ್ದರೆ ಅವರ ಬಿಂಬ ನೀರಿನಲ್ಲಿ ಮೂಡುತ್ತಿರಲಿಲ್ಲ.

ಸೂಜಿ ಎಂಬ ಮುಳ್ಳುಹಂದಿ ಒಂದು ಹುಣ್ಣಿಮೆಯನ್ನೂ ತಪ್ಪಿಸಿದವಳಲ್ಲ. ಅವಳಿಗೆ ಒಂದು ಮರಿಯಿತ್ತು. ತನ್ನ ಬಿಲದ ಬಳಿ ಯಾರಾದರೂ ಸುಳಿದರೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮುಳ್ಳುಗಳನ್ನು ಗಲಗಲ ಅನ್ನಿಸುತ್ತಿದ್ದಳು. ಬಂದವರು ಹಾಗೇ ಹಿಂದಿರುಗುತ್ತಿದ್ದರು. ಆ ಸದ್ದು ಕೇಳಿದರೇನೇ ಮರಿಗೆ ನಿದ್ದೆ.

ಒಂದು ಸಂಜೆ ಕೆಂಚ ಎಂಬ ಮುಂಗುಸಿಯ ಬಿಂಬ ಬೆಂಕಿಯಂಥ ಬಾಲ ಹೊತ್ತು ಬಂತು. ಉಳಿದ ಬಿಂಬಗಳು ಆಟ ನಿಲ್ಲಿಸಿ ನೋಡಿದವು.

"ಸೂಜಕ್ಕಾ, ನಿಂದು ಇನ್ನೂ ಹುಟ್ಟಿದಾಗಿನ ಬಣ್ಣವೇ?" ಎಂದ ಕೆಂಚ. ದಡವೆಲ್ಲ ನಕ್ಕಿತು. ದಡದ ಮೇಲೆ ಕೂತಿದ್ದ ಕೆಂಚನ ಬಾಲದಲ್ಲಿ ಒಂದು ಕೂದಲೂ ಇರಲಿಲ್ಲ. ಅದನ್ನು ಯಾರೂ ನೋಡಲಿಲ್ಲ.

ಸೂಜಿ ಏಡಿಯಜ್ಜನ ಬಿಲಕ್ಕೆ ಹೋಗಿ, ತನಗೂ ಅಂಥದ್ದು ಬೇಕೆಂದಳು. ಒಂದು ಮುಳ್ಳು ಕೊಟ್ಟರೆ ನೀರಿನಲ್ಲಿ ಒಂದು ಮುಳ್ಳು ನವಿಲಿನ ಬಣ್ಣಕ್ಕೆ ತಿರುಗುತ್ತದೆ ಎಂದ ಅವನು.

"ಹಣ್ಣು ಕೊಡುತ್ತೇನಲ್ಲ ಅಜ್ಜ?"

"ಹಣ್ಣು ಆಟಕ್ಕೆ, ತಾಯಿ. ಮುಳ್ಳು ಅಂದಕ್ಕೆ."

"ಬಣ್ಣ ಬಂದರೆ ಆಟದಲ್ಲಿ ಗೆಲ್ಲುತ್ತೇನಾ?"

"ಛೆ, ಅದು ಮೋಸವಾಗುತ್ತದೆ. ಬರೀ ಅಂದ. ಬಲವಂತವೇನಿಲ್ಲ."

ಮುಳ್ಳು ಮತ್ತೆ ಬೆಳೆಯುತ್ತದಲ್ಲ ಎಂದುಕೊಂಡು ಸೂಜಿ ಬೆನ್ನು ತಿರುಗಿಸಿದಳು. ಕತ್ತರಿಯಂಥ ಕಾಲೊಂದು ಕತ್ತಲಿನಿಂದ ಹೊರಬಂತು. ಅಷ್ಟೇನೂ ನೋಯಲಿಲ್ಲ.

ಮರುಸಂಜೆ ನೀರಿನಲ್ಲಿ ಒಂದು ನೀಲಿ ಮುಳ್ಳು ಹೊಳೆಯಿತು. ಒಂದೇ ಆದ್ದರಿಂದ ಅದು ವಿಚಿತ್ರವಾಗಿ ಕಂಡಿತು. ಪಕ್ಕದ್ದನ್ನೂ ಕೊಟ್ಟಳು. ಆಮೇಲೆ ಅದರ ಪಕ್ಕದ್ದನ್ನು.

ನೆರೆಬಿಲದ ಚಿಪ್ಪಣ್ಣ ಎಂಬ ಚಿಪ್ಪುಹಂದಿ ಅವಳ ಬೆನ್ನು ನೋಡಿದ. ತನ್ನ ಬಳಿಯೂ ಏಡಿ ಒಂದು ಚಿಪ್ಪು ಕೇಳಿದ್ದನೆಂದೂ, ತಾನು ಅಂದಿನಿಂದ ಆ ಕಡೆ ಹೋಗಿಲ್ಲವೆಂದೂ ಹೇಳಿದ.

"ಬೆಳೆಯುತ್ತವೆ ಅಣ್ಣ," ಎಂದಳು ಸೂಜಿ.

"ಬೆಳೆಯುವುದಕ್ಕಿಂತ ಬೇಗ ಕೊಡುತ್ತಿದ್ದೀಯ ತಂಗಿ."

ಅವನಿಗೆ ಬಣ್ಣದ ರುಚಿ ಗೊತ್ತಿಲ್ಲ ಎಂದುಕೊಂಡಳು ಸೂಜಿ.

ಈಗ ನೀರಿನ ಸೂಜಿಯಷ್ಟು ಚೆಂದದ ಬಿಂಬ ಇನ್ನೊಂದಿರಲಿಲ್ಲ. ಮೊದಲು ಆಟ ಮುಗಿದಾಗ ಬಿಂಬ ಈಜಿ ಬಂದು ಅವಳ ಕಾಲ ಬಳಿ ಸೇರುತ್ತಿತ್ತು. ಈಗ ಅವಳು ಎದ್ದರೂ ಅದು ಬರುತ್ತಿರಲಿಲ್ಲ. ಕೊಳದ ನಡುವೆ ಒಂದೇ ನಿಂತು, ನೋಡುವವರಿಲ್ಲದಿದ್ದರೂ, ನಿಧಾನವಾಗಿ ಸುತ್ತು ತಿರುಗುತ್ತಿತ್ತು. ಮನೆಯಲ್ಲಿ ಮರಿ ಮಾತ್ರ ನಿದ್ದೆ ಬಾರದೆ ಹೊರಳುತ್ತಿತ್ತು.

"ಅಮ್ಮ, ಗಲಗಲ ಅನ್ನಿಸು," ಎಂದಿತು ಒಮ್ಮೆ.

ಸೂಜಿ ಮೈ ಕೊಡವಿದಳು. ಸದ್ದೇ ಬರಲಿಲ್ಲ.

ಅದರ ಮರುದಿನವೇ ಚಿರತೆ ಬಂತು. ಸೂಜಿಗೆ ಮೊದಲು ವಾಸನೆ ಬಡಿಯಿತು. ಚಿಪ್ಪಣ್ಣನ ಬಿಲಕ್ಕೆ ಒಳಗೊಳಗೇ ಒಂದು ಕಿರುದಾರಿಯಿತ್ತು. ಮರಿಯನ್ನು ಅದರೊಳಗೆ ತಳ್ಳಿ, ಯಾವಾಗಲೂ ಮಾಡುವಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮುಳ್ಳು ನಿಮಿರಿಸಲು ಮೈಯನ್ನೆಲ್ಲ ಬಿಗಿದಳು.

ಅದೇ ಗಳಿಗೆಯಲ್ಲಿ, ದೂರದ ಕೊಳದಲ್ಲಿ, ಅವಳ ಬಿಂಬ ನವಿಲುಬಣ್ಣದ ಮುಳ್ಳುಗಳನ್ನೆಲ್ಲ ನಿಮಿರಿಸಿ ನಿಂತಿತು. ದಡದಲ್ಲಿದ್ದವರು ಆಹಾ ಎಂದರು.

ಚಿರತೆ ಬಾಗಿಲಲ್ಲಿ ನೋಡಿದ್ದು ಬರೀ ಬೆನ್ನು.

ಸೂಜಿ ಮತ್ತೆ ಕಾಣಲಿಲ್ಲ. ಚಿಪ್ಪಣ್ಣ ಮರಿಯನ್ನು ತನ್ನ ಬಳಿಯೇ ಇಟ್ಟುಕೊಂಡ. ಆದರೆ ಅಮ್ಮ ಕೊಳದಲ್ಲಿದ್ದಾಳೆ ಎಂದು ಯಾರೋ ಮರಿಗೆ ಹೇಳಿಬಿಟ್ಟರು. ಅದು ಹಟ ಹಿಡಿಯಿತು. ಹುಣ್ಣಿಮೆಯ ಸಂಜೆ ಇಬ್ಬರೂ ಹೋದರು.

ಬಿಂಬ ಅಲ್ಲೇ ಇತ್ತು. ಕೆಂಚನ ಬಿಂಬದ ಜೊತೆ ಓಡಾಡುತ್ತಿತ್ತು. ದಡದಲ್ಲಿ ಸೂಜಿ ಕೂರುತ್ತಿದ್ದ ಜಾಗ ಖಾಲಿಯಿತ್ತು. ಕೆಂಚ ಒಮ್ಮೆ ಆ ಕಡೆ ನೋಡಿ, ಸ್ವಲ್ಪ ದೂರ ಸರಿದು ಕೂತ.

ಮರಿ ಅಮ್ಮಾ ಎಂದು ಕೂಗಿತು. ಬಿಂಬ ತಲೆಯೆತ್ತಲಿಲ್ಲ.

"ಅವಳಿಗೆ ಕೇಳಿಸದು ಮಗು," ಎಂದ ಏಡಿಯಜ್ಜ ಕಲ್ಲಿನಡಿಯಿಂದ. "ಆದರೆ ಹುಣ್ಣಿಮೆಗೊಂದು ಹಣ್ಣು ತಂದಿಟ್ಟರೆ ಇಲ್ಲೇ ಇರುತ್ತಾಳೆ. ನಿನಗೂ ಮುಳ್ಳು ಮೂಡುತ್ತಿವೆ. ಬಣ್ಣ ಬೇಕಾದರೆ ಬಾ. ಬಲವಂತವೇನಿಲ್ಲ."

ಮರಿ ಬಿಲದ ಹತ್ತಿರ ಹೋಯಿತು. ಹಕ್ಕಿಗಳು ಕೊಕ್ಕು ಹಾಕದಂತೆ ಏಡಿ ಬಿಲದ ಸುತ್ತ ಕಪ್ಪು ಬಿಳಿ ಮುಳ್ಳುಗಳ ಬೇಲಿ ನೆಟ್ಟಿದ್ದ. ಮರಿ ಮೂಸಿತು. ನೀರಿನಲ್ಲಿ ಇಲ್ಲದ ಅಮ್ಮನ ವಾಸನೆ ಅಲ್ಲಿತ್ತು. ಮರಿ ಒಮ್ಮೆ ಬೇಲಿಗೆ ಮೈ ತಾಗಿಸಿತು. ಮುಳ್ಳುಗಳು ಗಲಗಲ ಎಂದವು.

ಮರಿ ಬಹಳ ಹೊತ್ತು ಅದನ್ನು ಕೇಳುತ್ತ ನಿಂತಿತ್ತು. ಆಮೇಲೆ ಚಿಪ್ಪಣ್ಣನ ಬಳಿ ಬಂದು, "ಮನೆಗೆ ಹೋಗೋಣ ಮಾಮ," ಎಂದಿತು.

ಹಣ್ಣು ಬಾರದ್ದನ್ನು ಏಡಿಯಜ್ಜ ನೋಡಿದ. ಚಂದ್ರ ಮೇಲೇರುವ ಹೊತ್ತಿಗೆ ನೀರಿನಲ್ಲಿ ಮೊದಲು ಸೂಜಿ ಮಾಸಿದಳು. ನವಿಲುಬಣ್ಣದ ಮುಳ್ಳುಗಳು ಮಾತ್ರ ಇನ್ನಷ್ಟು ಹೊತ್ತು ತೇಲಿ, ಆರಿಹೋದವು.

ನೀತಿ: ಇನ್ನೊಬ್ಬರ ಕೊಳದಲ್ಲಿ ಮಾತ್ರ ಹೊಳೆಯುವ ಅಂದಕ್ಕಾಗಿ, ನಮ್ಮನ್ನೂ ನಮ್ಮವರನ್ನೂ ಕಾಯುವುದನ್ನು ಕೊಡಬಾರದು.